ನಿಮ್ಮ ತಾಯಿಯ ಹೆಸರು ತಪ್ಪಾಗಿದೆ

ಲಬೀಬ್ ತಾದ್ರೋಸ್ ಒಂದು ದಿನ ಪ್ರಿಂಟರನ್ನು ಮಗುವಿನ ಹಾಗೆ ತಬ್ಬಿಕೊಂಡು ಟ್ರಾಮ್ ಹತ್ತಿದ. ಅದೇ ಟ್ರಾಮಿನಲ್ಲಿ ಅವನು ಕಂಡಕ್ಟರ್. ಅವತ್ತು ರಜೆ ಹಾಕಿ, ತನ್ನ ಗಾಡಿಯಲ್ಲಿ ತಾನೇ ಟಿಕೆಟ್ ಕೊಂಡು, ಯಂತ್ರವನ್ನು ತೊಡೆಯ ಮೇಲೆ ಕೂರಿಸಿಕೊಂಡು ಶೋರೂಮಿಗೆ ಹೊರಟಿದ್ದ. ಬೇರೆ ಅಂಗಡಿಯ ಅಗ್ಗದ ಶಾಯಿ ತುಂಬಿಸಿದ್ದಕ್ಕೆ ಆ ಪ್ರಿಂಟರು ‘ಇದು ನಮ್ಮ ಕಂಪನಿಯ ಶಾಯಿಯಲ್ಲ’ ಎಂದು ತೋರಿಸಿ ಕೆಲಸ ನಿಲ್ಲಿಸಿಬಿಟ್ಟಿತ್ತು.

ಶೋರೂಮಿನ ಕೌಂಟರಿನ ಮೇಲೆ ಅದನ್ನು ಕುಕ್ಕಿ ಕೇಳಿದ.

“ಇದು ಯಾರದು?”

“ನಿಮ್ಮದೇ, ಉಸ್ತಾದ್. ನೀವೇ ಕೊಂಡಿದ್ದೀರಲ್ಲ.”

“ನನ್ನದಾದ್ರೆ ನಾನು ಕುಡಿಸಿದ ಶಾಯಿ ಕುಡೀಬೇಕು. ಇದ್ಯಾಕೆ ನಿಮ್ಮ ಮಾತು ಕೇಳುತ್ತೆ?”

“ಅದು ಕಂಪನಿಯ ನೀತಿ, ಉಸ್ತಾದ್.”

“ನೀತಿಯಂತೆ! ನಮ್ಮಜ್ಜ ಕೊಂಡ ಕತ್ತೆ ಕೂಡ ಮಾರಿದವನ ಮನೆ ಹುಲ್ಲೇ ಬೇಕು ಅಂತ ಹಟ ಹಿಡೀಲಿಲ್ಲ.”

ಕಾವಲುಗಾರ ಬಂದು ಅವನನ್ನೂ ಪ್ರಿಂಟರನ್ನೂ ಬೀದಿಗೆ ಬಿಟ್ಟ. ಅಲೆಕ್ಸಾಂಡ್ರಿಯಾದ ಬಹ್ರಿ ಕೇರಿಯವರು ನಾವೆಲ್ಲ ವರ್ಷಗಟ್ಟಲೆ ಈ ಕಥೆ ಹೇಳಿಕೊಂಡು ನಕ್ಕೆವು. ಜೇಬು ಕತ್ತರಿಸಿದವನನ್ನು ಬಿಟ್ಟು, ‘ಕಳ್ಳ, ಕಳ್ಳ’ ಎಂದು ಕೂಗಿದವನ ಕಡೆ ತಿರುಗಿ ನಗುವ ಚಟ ನಮಗೆ ಮೊದಲಿನಿಂದಲೂ ಇದೆ.

ಲಬೀಬನಿಗೆ ಕಂಪ್ಯೂಟರಿನ ಹುಚ್ಚು ಹತ್ತಿದ್ದು ಟೀವಿಗೆ ಸಿಕ್ಕಿಸಿ ನಡೆಸುವ, ಅರಬ್ಬಿ ಅಕ್ಷರದ ಪುಟ್ಟ ಯಂತ್ರಗಳು ನಮ್ಮ ಊರಿಗೆ ಬಂದ ಕಾಲದಲ್ಲಿ. ಮದುವೆಗೆಂದು ಕೂಡಿಟ್ಟದ್ದನ್ನು ಅದಕ್ಕೆ ಸುರಿದ. ಮದುವೆ ಮುಂದಕ್ಕೆ ಹೋಯಿತು. ಹುಡುಗಿಯ ಕಡೆಯವರು ಕಾದರು ಎನ್ನುವುದೇ ಆಶ್ಚರ್ಯ. ಆಮೇಲೆ ಎಷ್ಟೋ ಯಂತ್ರಗಳು ಬಂದವು, ಹೋದವು. ಈಗಿರುವ ಕಂಪ್ಯೂಟರಿನ ಮುಚ್ಚಳವನ್ನು ಅವನು ಮುಚ್ಚುವುದೇ ಇಲ್ಲ. ಅದು ಊಟದ ಮೇಜಿನ ಮೇಲೆ ಹೊಟ್ಟೆ ಸೀಳಿದ ಮೀನಿನ ಹಾಗೆ ಬಿದ್ದಿರುತ್ತದೆ. ಅವನ ಹೆಂಡತಿ ಅದರ ಪಕ್ಕದಲ್ಲೇ ಬೇಯಿಸಿದ ಅವರೆಯ ತಟ್ಟೆ ಇಟ್ಟು ಹೋಗುತ್ತಾಳೆ.

ನಿವೃತ್ತಿಯ ನಂತರ ಮೀನು ಮಾರುಕಟ್ಟೆಯ ಎದುರಿನ ಚಹಾದಂಗಡಿಯೇ ಅವನ ಕಚೇರಿ. ಯಾರಾದರೂ ಹೊಸ ಫೋನು ತಂದು ತೋರಿಸಿದರೆ ಅಭಿನಂದನೆ ಹೇಳುತ್ತಿರಲಿಲ್ಲ. ತಿರುಗಿಸಿ ಬೆನ್ನು ನೋಡುತ್ತಿದ್ದ. “ಅಂಟು ಹಾಕಿ ಮುಚ್ಚಿದಾರೆ ನೋಡು. ಬ್ಯಾಟರಿ ಸತ್ತರೆ ಫೋನೂ ಸಾಯ್ಬೇಕು ಅಂತ. ಗಂಡನ ಜೊತೆ ಹೆಂಡ್ತೀನೂ ಹೂಳಿದ ಹಾಗೆ!” ಎಂದು ಶುರು ಮಾಡಿದರೆ ಮುಗಿಯುತ್ತಿರಲಿಲ್ಲ. “ಮೊದ್ಲು ಒಂದು ಪ್ರೋಗ್ರಾಂ ಕೊಂಡ್ರೆ ಡಬ್ಬಿ ಕೈಗೆ ಬರ್ತಿತ್ತು. ಈಗ ತಿಂಗಳ ಬಾಡಿಗೆ. ಬಾಡಿಗೆ ನಿಲ್ಸು, ನೀನೇ ಬರೆದ ಕಾಗದಾನ ನಿಂಗೇ ತೆಗೆದು ತೋರ್ಸಲ್ಲ. ‘ಒಪ್ಪಿದ್ದೇನೆ’ ಅಂತ ಒಂದು ಗುಂಡಿ ಇಡ್ತಾರಲ್ಲ, ಅದರ ಪಕ್ಕದಲ್ಲಿ ‘ಒಪ್ಪಲ್ಲ, ಆದ್ರೂ ಕಾಸು ಕೊಟ್ಟಿದೀನಿ, ವಸ್ತು ನಂದು’ ಅಂತ ಇನ್ನೊಂದು ಗುಂಡಿ ಎಲ್ಲಿ? ತೋರ್ಸು ನೋಡೋಣ.”

“ಉಸ್ತಾದ್, ಚಹಾ ಆರ್ತಿದೆ,” ಎನ್ನುತ್ತಿದ್ದರು ಜನ. ಚಹಾ ಆರಿದ ಮೇಲೆ ಅದೇ ಜನ ಫೋನನ್ನು ಅವನ ಕೈಗಿಟ್ಟು, “ಇದ್ರಲ್ಲಿ ಖಾತೆ ತೆರೆದು ಕೊಡು,” ಎನ್ನುತ್ತಿದ್ದರು. ಅವನು ಬೈದುಕೊಂಡೇ ತೆರೆದುಕೊಡುತ್ತಿದ್ದ.

ಎಡವಟ್ಟು ಶುರುವಾದದ್ದು ಅಲ್ಲಿಂದ.

ಇಮೇಲು, ಫೋಟೋಗಳಿಗೆಲ್ಲ ಬೇಕಾದ ಆ ಖಾತೆ ಕೊಡುತ್ತಿದ್ದದ್ದು ಒಂದು ವಿದೇಶಿ ಕಂಪನಿ. ಖಾತೆ ತೆರೆಯುವಾಗ ಅದು ಒಂದು ಗುಟ್ಟಿನ ಪ್ರಶ್ನೆ ಕೇಳುತ್ತಿತ್ತು. ನಾಳೆ ನೀವು ನೀವೇ ಎಂದು ಸಾಬೀತು ಮಾಡಬೇಕಾದರೆ ಉತ್ತರ ಬೇಕಂತೆ. ಪ್ರಶ್ನೆ: ನಿಮ್ಮ ತಾಯಿಯ ಹೆಸರೇನು?

ಬಹ್ರಿಯ ಗಂಡಸಿಗೆ ಈ ಪ್ರಶ್ನೆ ಕೇಳಿ ನೋಡಿ! ನಾನು ನನ್ನ ಬಾಲ್ಯದ ಗೆಳೆಯರ ಮನೆಗಳಲ್ಲಿ ಅವರ ತಾಯಂದಿರ ಕೈಯಡುಗೆ ಉಂಡು ಬೆಳೆದವನು. ಒಬ್ಬಳ ಹೆಸರೂ ನನಗೆ ಗೊತ್ತಿಲ್ಲ. ಉಮ್ಮ್ ಹಸನ್ ಎಂದರೆ ಹಸನನ ತಾಯಿ, ಮುಗಿಯಿತು. ತಾಯಿಯ ಹೆಸರು ಮನೆಯೊಳಗಿನದು. ಬೀದಿಗೆ ಬಿದ್ದರೆ ನಾಳೆ ಜಗಳದಲ್ಲಿ ಯಾವನೋ ಹಮಾಲಿ ಅದನ್ನು ಬಾಯಲ್ಲಿ ಹಾಕಿಕೊಂಡು ಅಗಿಯುತ್ತಾನೆ. ಇದು ಸರಿಯೋ ತಪ್ಪೋ ಎಂದು ಉಪದೇಶ ಮಾಡಲು ನಾನು ಕೂತಿಲ್ಲ. ಸಾವಿರಾರು ಮೈಲಿ ದೂರದ ಒಂದು ಕಂಪನಿಗೆ ನಮ್ಮ ತಾಯಂದಿರ ಹೆಸರಿನ ಮೇಲೆ ಏನು ಹಕ್ಕು ಎಂದಷ್ಟೇ ಕೇಳುತ್ತೇನೆ.

ಲಬೀಬ್ ಒಂದು ಉಪಾಯ ಮಾಡಿದ. ಬಂದವರಿಗೆಲ್ಲ ಒಬ್ಬಳೇ ತಾಯಿಯನ್ನು ಕೊಟ್ಟ: ಹವ್ವಾ. ಆದಮನ ಹೆಂಡತಿ, ಮನುಷ್ಯಕುಲದ ಮೊದಲ ತಾಯಿ.

“ಎಲ್ರಿಗೂ ತಾಯಿ ಅವಳೇ ಅಲ್ವೇನ್ರೋ? ನಿಮ್ಮ ಕುರಾನಿನವರಿಗೂ ಅವಳೇ, ನಮ್ಮ ಚರ್ಚಿನವರಿಗೂ ಅವಳೇ. ಇದ್ರಲ್ಲಿ ಸುಳ್ಳೇನಿದೆ?”

ಖಾತೆಗೆ ತೊಂದರೆಯಾದರೆ ಕರೆಯಬೇಕಾದ ಫೋನ್ ನಂಬರೂ ಎಲ್ಲರದ್ದೂ ಒಂದೇ, ಲಬೀಬನದು. ನಾವು ಸಿಮ್ ಕಾರ್ಡನ್ನು ಅಂಗಿಯ ಹಾಗೆ ಬದಲಿಸುವವರು, ಅವನು ಬದಲಿಸದವನು. ಹೀಗೆ ಬಹ್ರಿಯ ಅರ್ಧ ಕೇರಿ ಆ ಕಂಪನಿಯ ಲೆಕ್ಕದಲ್ಲಿ ಒಡಹುಟ್ಟಿದವರಾದೆವು. ನಾನೂ ಒಬ್ಬ. ಮುಅಲ್ಲಿಂ ಮುರ್ಸಿಯೂ ಒಬ್ಬ.

ಮುರ್ಸಿ ದಬ್ಬೂಸ್ ಅನ್‌ಫೂಶಿ ಮಾರುಕಟ್ಟೆಯಲ್ಲಿ ಮೀನು ಹರಾಜು ಕೂಗುವವನು; ಕಸುಬಿನಲ್ಲಿ ಪಳಗಿದ ಯಜಮಾನನೆಂದು ಎಲ್ಲರೂ ಅವನನ್ನು ‘ಮುಅಲ್ಲಿಂ’ ಎನ್ನುತ್ತಿದ್ದರು. ಬೆಳಕು ಹರಿಯುವಾಗ ಅವನು ಪೆಟ್ಟಿಗೆಯ ಮೇಲೆ ಹತ್ತಿ, “ಪ್ರವಾದಿಯ ಮೇಲೆ ಸಲಾಮು ಹೇಳ್ರಪ್ಪೋ!” ಎಂದರೆ ದೋಣಿಯಲ್ಲಿ ಬಲೆ ಮಡಚುವವರೂ ಅಲ್ಲಿಂದಲೇ ಸಲಾಮು ಹೇಳುತ್ತಿದ್ದರು. ವ್ಯಾಪಾರ ಕುದುರಿದಾಗ, “ಮಾರಿದೆ! ಅಲ್ಲಾಹ್ ಬರಕತ್ತು ಕೊಡಲಿ!” ಎನ್ನುತ್ತಿದ್ದ. ಅದರ ಮೇಲೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಆ ದನಿಯ ಮುಂದೆ ಚೌಕಾಸಿ ಮಾಡಲು ಧೈರ್ಯ ಬೇಕಿತ್ತು.

ಅವನ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

ಖಾತೆ ಕೊಡುವ ಆ ಕಂಪನಿಯಲ್ಲೇ ದನಿ ಉಳಿಸುವ ಸೇವೆಯೂ ಇತ್ತು. ಮಾತು ಹೋಗುವ ಮುಂಚೆ ಒಂದಿಷ್ಟು ವಾಕ್ಯ ಓದಿಕೊಟ್ಟರೆ ಅದರಿಂದ ನಿಮ್ಮದೇ ದನಿ ತಯಾರಿಸುತ್ತಾರೆ. ಆಮೇಲೆ ಫೋನಿನಲ್ಲಿ ಬರೆದದ್ದನ್ನು ಆ ದನಿ ಆಡುತ್ತದೆ. ಲಬೀಬ್ ತನ್ನ ಮನೆಯ ಕಿಟಕಿಗೆ ಹಾಸಿಗೆ ಆನಿಸಿ, ಬೀದಿಯ ಸದ್ದು ತಡೆದು, ಮುರ್ಸಿಯನ್ನು ಕೂರಿಸಿದ. ನಾನೂ ಅಲ್ಲಿದ್ದೆ. ಕಂಪನಿ ಕೊಟ್ಟ ವಾಕ್ಯಗಳನ್ನು ಓದಬೇಕಿತ್ತು.

“‘ಹಿಮದಲ್ಲಿ ನಾಯಿ ಓಡುತ್ತಿದೆ.’ ಇದೇನಯ್ಯಾ ಲಬೀಬ್? ನಾನು ಹಿಮ ನೋಡಿರೋದು ಸೀಗಡಿ ಪೆಟ್ಟಿಗೇಲಿ ಮಾತ್ರ.”

“ಓದು ಮುಅಲ್ಲಿಂ, ಓದು. ನಾಯೀನ ಓಡಿಸು.”

ಎಲ್ಲ ಮುಗಿದ ಮೇಲೆ ಮುರ್ಸಿ ಎದ್ದು ನಿಂತು ಅಂಗಿ ಸರಿ ಮಾಡಿಕೊಂಡ.

“ಇನ್ನೊಂದು ಮಾತಿದೆ. ಅದನ್ನೂ ಹಿಡ್ಕೋ.” ಬಲಗೈಯನ್ನು ಗಾಳಿಯಲ್ಲಿ ಚಾಚಿ, ಯಾರದೋ ಕೈ ಹಿಡಿದವನಂತೆ ಬೆರಳು ಬಿಗಿಮಾಡಿ ಹೇಳಿದ: “ನನ್ನ ಮಗಳು ನಗ್ಲಾಳನ್ನು ನಿನಗೆ ಮದುವೆ ಮಾಡಿಕೊಟ್ಟೆ.”

ಮದುವೆಯ ಒಪ್ಪಂದದಲ್ಲಿ ತಂದೆ ಅಳಿಯನ ಕೈ ಹಿಡಿದು ಆಡಬೇಕಾದ ಮಾತು ಅದು. ನಗ್ಲಾ ಅವನ ಒಬ್ಬಳೇ ಮಗಳು. ಆಗಿನ್ನೂ ಅವಳಿಗೆ ಗಂಡು ಗೊತ್ತಾಗಿರಲಿಲ್ಲ.

“ವರ ಯಾರು, ಮುಅಲ್ಲಿಂ?” ಲಬೀಬ್ ಕೇಳಿದ.

“ಯಾವನೋ ಬರ್ತಾನೆ. ಅವನು ಬರೋವರೆಗೂ ನನ್ನ ಗಂಟಲು ಕಾಯಲ್ಲ.”

ಆ ಧ್ವನಿಮುದ್ರಣದ ಒಂದು ಪ್ರತಿಯನ್ನು ನಮ್ಮಲ್ಲಿ ಇಟ್ಟುಕೊಳ್ಳಲು ಕಂಪನಿ ಬಿಡಲಿಲ್ಲ. ಎಲ್ಲವೂ ಅವರ ಯಂತ್ರದಲ್ಲಿ. ಫೋನು ಪ್ರತಿ ಸಲವೂ ಅಲ್ಲಿಂದ ತರಿಸಿಕೊಳ್ಳಬೇಕು, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ನೀತಿ. ಲಬೀಬ್ ಗೊಣಗಿದ. “ನಿನ್ನ ದನಿಗೆ ನೀನೇ ಬಾಡಿಗೆದಾರ ಆಗ್ತೀಯ ಮುಅಲ್ಲಿಂ,” ಎಂದ. ಆದರೂ ‘ಒಪ್ಪಿದ್ದೇನೆ’ ಒತ್ತಿದ. ಬೇರೆ ದಾರಿ ಎಲ್ಲಿತ್ತು? ಕತ್ತಿಯ ಕೆಳಗೆ ಕುತ್ತಿಗೆ ಇಟ್ಟವನ ಹತ್ತಿರ ಸಹಿ ಹಾಕಿಸಿಕೊಂಡು ‘ಗ್ರಾಹಕರ ಒಪ್ಪಿಗೆ’ ಎನ್ನುತ್ತಾರೆ ಇವರು.

ಆಪರೇಷನ್ ಆಯಿತು. ಮುರ್ಸಿ ಕುತ್ತಿಗೆಯಲ್ಲಿ ತೂತು, ಅದರ ಮೇಲೊಂದು ಬಿಳಿ ಬಟ್ಟೆ, ಕೈಯಲ್ಲಿ ಫೋನು ಹಿಡಿದು ಮಾರುಕಟ್ಟೆಗೆ ಮರಳಿದ. ಫೋನನ್ನು ದೊಡ್ಡ ಸ್ಪೀಕರಿಗೆ ಸೇರಿಸಿ ಮೊದಲ ದಿನ ಅವನು ಸಲಾಮು ಕೂಗಿಸಿದಾಗ ದನಿ ಅವನದೇ. ತುಸು ಒಣಗಿತ್ತು, ತುಸು ಸಪಾಟಾಗಿತ್ತು, ಆದರೆ ಅವನದೇ. ಹಮಾಲಿಗಳು ಕಣ್ಣೊರೆಸಿಕೊಂಡರು. ಒಬ್ಬ, “ಮುಅಲ್ಲಿಂ, ಈಗ ಬೈಗುಳಾನೂ ಬರೆದೇ ಬೈಬೇಕಲ್ಲಪ್ಪ, ಪಾಪ!” ಎಂದ. ಫೋನು ಸ್ವಲ್ಪ ತಡೆದು, “ನಿನ್ನ ಬೈಗುಳ ಆಗಲೇ ಬರೆದಿಟ್ಟಿದೀನಿ, ಕತ್ತೆ!” ಎಂದಿತು.

ನಗ್ಲಾಗೆ ಗಂಡು ಸಿಕ್ಕಿದ. ಇಸ್ಮಾಯಿಲಿಯಾ ಕಡೆಯವನು, ಕಾಲುವೆಯ ದೋಣಿಗಳಲ್ಲಿ ಕೆಲಸ. ಒಪ್ಪಂದದ ದಿನ ಗೊತ್ತಾಯಿತು. ಮುರ್ಸಿಗೆ ಇದ್ದ ಚಿಂತೆ ಒಂದೇ, ಆ ಮಾತು ಫೋನಿನಲ್ಲಿ ಸರಿಯಾಗಿ ಬರುತ್ತದೋ ಇಲ್ಲವೋ ಎಂಬುದು. ದಿನಕ್ಕೊಮ್ಮೆ ಹಾಕಿ ಕೇಳುತ್ತಿದ್ದ. ಅವನ ಹೆಂಡತಿ ಉಮ್ಮ್ ನಗ್ಲಾ, “ಇದೇ ರೀತಿ ಮಾಡ್ತಿದ್ರೆ ಮದುವೆ ದಿನ ಬರೋದ್ರೊಳಗೆ ಆ ಮಾತು ಸವೆದು ಹೋಗುತ್ತೆ!” ಎಂದು ಗದರುತ್ತಿದ್ದಳು.

ಸವೆಯಲಿಲ್ಲ. ಕಿತ್ತುಕೊಂಡರು.

ಒಂದು ಬೆಳಗ್ಗೆ ಮುರ್ಸಿ ಪೆಟ್ಟಿಗೆ ಹತ್ತಿ ಗುಂಡಿ ಒತ್ತಿದರೆ ಸ್ಪೀಕರಿನಿಂದ ಒಬ್ಬ ಹೆಂಗಸು ಮಾತಾಡಿದಳು. ವಾರ್ತೆ ಓದುವವಳ ಹಾಗೆ ನಯವಾಗಿ, ಶುದ್ಧ ಗ್ರಾಂಥಿಕ ಅರಬ್ಬಿಯಲ್ಲಿ, ಸೀಗಡಿ ಹರಾಜು ಕೂಗಿದಳು. ಮಾರುಕಟ್ಟೆಯೇ ಬಿದ್ದು ಬಿದ್ದು ನಕ್ಕಿತು. ಮುರ್ಸಿ ನಗಲಿಲ್ಲ. ಫೋನು ಹಿಡಿದು ನೇರ ಚಹಾದಂಗಡಿಗೆ ಬಂದ. ಅಲ್ಲಿ ಆಗಲೇ ಲಬೀಬನ ಸುತ್ತ ಗದ್ದಲ. ಒಬ್ಬನಿಗೆ ಮಗನ ಫೋಟೋಗಳು ಹೋಗಿವೆ, ಒಬ್ಬನಿಗೆ ಪತ್ರಗಳು ಹೋಗಿವೆ. ನನ್ನ ಖಾತೆಯೂ ಇಲ್ಲ. ಕಂಪನಿ ಹೊಸ ಭದ್ರತಾ ನೀತಿ ತಂದಿತ್ತು. ಅದರ ಯಂತ್ರ ನಮ್ಮ ಕೇರಿಯನ್ನು ಜಾಲಾಡಿ ನೋಡಿತ್ತು: ಇಷ್ಟೊಂದು ಜನ, ಎಲ್ಲರ ತಾಯಿಯೂ ಒಬ್ಬಳೇ, ಎಲ್ಲರ ಫೋನ್ ನಂಬರೂ ಒಂದೇ. ಅಂದರೆ ಒಬ್ಬನೇ ವಂಚಕನ ನಕಲಿ ಖಾತೆಗಳು. ಮುಚ್ಚಿ!

“ಹವ್ವಾಳಿಂದ ಮೊದಲು ಸ್ವರ್ಗ ಹೋಯ್ತು, ಈಗ ನನ್ನ ಇಮೇಲೂ ಹೋಯ್ತು!” ಎಂದು ಯಾರೋ ನಗೆಯಾಡಿದರು. ಉಳಿದವರೆಲ್ಲ ಲಬೀಬನಿಗೆ ನಾಲ್ಕು ಬೈದು ಹೊಸ ಖಾತೆ ತೆರೆದುಕೊಂಡರು. ಫೋಟೋ ಮತ್ತೆ ತೆಗೆಯಬಹುದು. ಮುರ್ಸಿ ಮತ್ತೆ ಯಾವ ಗಂಟಲಿನಿಂದ ಓದಬೇಕು?

ಲಬೀಬ್ ಕಂಪನಿಗೆ ಬರೆದ. ‘ಇವನು ಮೀನು ಮಾರುವವನು. ಇವನಿಗೆ ಧ್ವನಿಪೆಟ್ಟಿಗೆ ಇಲ್ಲ. ನಿಮ್ಮ ಹತ್ತಿರ ಇರುವುದು ಇವನ ದನಿ. ಮಗಳ ಮದುವೆ ಹತ್ತಿರ ಬಂದಿದೆ.’ ಉತ್ತರ ಬಂತು: ‘ಪ್ರಿಯ ಗ್ರಾಹಕರೇ, ನೀವು ನಮ್ಮ ನೀತಿಯನ್ನು ಉಲ್ಲಂಘಿಸಿದ್ದೀರಿ. ನಮ್ಮ ಸೇವೆ ನಿಮಗೆ ಹೇಗನಿಸಿತು? ನಕ್ಷತ್ರಗಳನ್ನು ಒತ್ತಿ ತಿಳಿಸಿ.’

ಮತ್ತೆ ಬರೆದ. ಕ್ಯಾಮೆರಾದ ಮುಂದೆ ಕೂತು ಗುರುತು ಸಾಬೀತು ಮಾಡಿ ಎಂದರು. ಲಬೀಬನ ಮನೆಯಲ್ಲಿ, ಆ ಸೀಳಿದ ಕಂಪ್ಯೂಟರಿನ ಎದುರು, ಮುರ್ಸಿ ಶುಕ್ರವಾರದ ನಮಾಜಿನ ಒಗೆದ ಜುಬ್ಬಾ ತೊಟ್ಟು ಕೂತ. ಪರದೆಯ ಮೇಲೆ ಬರಹ ಮೂಡಿತು: ನಿಮ್ಮ ಪೂರ್ಣ ಹೆಸರನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿ.

ಮುರ್ಸಿ ಬಾಯಿ ತೆರೆದ. ತುಟಿ ಆಡಿದವು. ಕುತ್ತಿಗೆಯ ತೂತಿನಿಂದ ಗಾಳಿ ಬುಸ್ಸೆಂದಿತು.

ನಿಮ್ಮ ದನಿ ಕೇಳಿಸುತ್ತಿಲ್ಲ. ಮೈಕನ್ನು ಪರೀಕ್ಷಿಸಿಕೊಳ್ಳಿ.

“ಮೈಕು ಸರಿಯಾಗೇ ಇದೆ ಕಣೋ, ನಾಯಿಮಗನೇ! ಅವನ ದನಿ ನಿನ್ನ ಹತ್ತಿರ ಇದೆ!” ಲಬೀಬ್ ಯಂತ್ರದ ಮೇಲೆ ಕೂಗಾಡಿದ. ಯಂತ್ರ ಅವನ ದನಿಯನ್ನೇ ಹಿಡಿದುಕೊಂಡು, ‘ಧನ್ಯವಾದ, ನಿಮ್ಮ ದನಿ ನಮ್ಮಲ್ಲಿರುವ ದನಿಗೆ ಹೊಂದುತ್ತಿಲ್ಲ’ ಎಂದಿತು.

ಉಳಿದಿದ್ದು ಗುಟ್ಟಿನ ಪ್ರಶ್ನೆ. ಲಬೀಬ್ ‘ಹವ್ವಾ’ ಎಂದು ಕೊಟ್ಟ. ‘ಈ ಉತ್ತರ ಸಂಶಯಾಸ್ಪದ ಉತ್ತರಗಳಲ್ಲಿ ಸೇರಿದೆ. ನಿಮ್ಮ ತಾಯಿಯ ನಿಜವಾದ ಹೆಸರು ಕೊಡಿ’ ಎಂದು ಬಂತು.

ಲಬೀಬ್ ತಲೆ ತಗ್ಗಿಸಿ ಕೂತ. ಉಮ್ಮ್ ನಗ್ಲಾ ಬಾಗಿಲ ಹತ್ತಿರ ನಿಂತಿದ್ದಳು. “ಕೊಟ್ಬಿಡಿ,” ಎಂದಳು ಗಂಡನಿಗೆ. “ನಿಮ್ಮಮ್ಮ ಏನೂ ಅಂದ್ಕೊಳಲ್ಲ. ಮೊಮ್ಮಗಳ ಮದುವೆ ಇದು.”

ಮುರ್ಸಿ ನಮ್ಮೆಲ್ಲರ ಮುಖ ನೋಡಿದ. ಕೈಯಾಡಿಸಿ ತಿರುಗಿಕೊಳ್ಳಿ ಎಂದ. ನಾವು ಗೋಡೆಯ ಕಡೆ ತಿರುಗಿದೆವು. ಲಬೀಬನ ಮನೆಯ ಗೋಡೆಯ ಮೇಲೆ ಕುದುರೆ ಏರಿದ ಸಂತನ ಚಿತ್ರವಿದೆ. ನಾನು ಆ ಕುದುರೆಯ ಗೊರಸು ನೋಡುತ್ತ ನಿಂತೆ. ಹಿಂದಿನಿಂದ ಒಂದೊಂದೇ ಅಕ್ಷರ ಒತ್ತುವ ಸದ್ದು ಬರುತ್ತಿತ್ತು. ಜಗಳದಲ್ಲಿ ತಲೆ ಒಡೆಸಿಕೊಂಡಾಗಲೂ, ಪೊಲೀಸ್ ಠಾಣೆಯಲ್ಲೂ ಬಾಯಿ ಬಿಡದಿದ್ದ ಹೆಸರನ್ನು ಮುರ್ಸಿ ದಬ್ಬೂಸ್ ಆ ಕಂಪನಿಗೆ ಕೊಟ್ಟ.

ಸದ್ದು ನಿಂತಿತು. ನಾವು ತಿರುಗಿದೆವು. ಪರದೆಯ ಭಾಷೆ ಇಂಗ್ಲಿಷಿಗೆ ಹೊರಳಿತ್ತು, ಓದಬಲ್ಲವನು ಲಬೀಬ್ ಒಬ್ಬನೇ. ಮುರ್ಸಿ ಅವನ ತೋಳು ಹಿಡಿದು ಅಲುಗಾಡಿಸಿದ.

“ಏನಿಲ್ಲ ಮುಅಲ್ಲಿಂ,” ಎಂದ ಲಬೀಬ್.

ಮುರ್ಸಿ ಮತ್ತೆ ಅಲುಗಾಡಿಸಿದ.

“ತಪ್ಪು ಅಂತಿದೆ. ಮೊದಲು ನಾನು ಕೊಟ್ಟಿದ್ದಕ್ಕೆ ಇದು ಹೊಂದಲ್ಲವಂತೆ. ‘ನಿಮ್ಮ ತಾಯಿಯ ಹೆಸರು ತಪ್ಪಾಗಿದೆ. ಅವಕಾಶಗಳು ಮುಗಿದಿವೆ.’ ಅಷ್ಟೇ.”

ಮುರ್ಸಿ ಮೀನಿನ ಬೆಲೆ ಬರೆಯುವ ಕಪ್ಪು ಹಲಗೆಯನ್ನು ಈಗೀಗ ಜೊತೆಯಲ್ಲೇ ಹೊತ್ತು ತಿರುಗುತ್ತಿದ್ದ. ಸೀಮೆಸುಣ್ಣ ತೆಗೆದು ಅದರ ಮೇಲೆ ದೊಡ್ಡದಾಗಿ ಬರೆದ: ‘ಹಾಗಾದರೆ ನನ್ನ ತಾಯಿ ಯಾರು ಅಂತ ಕೇಳು ಅವರನ್ನ.’

ಕೇಳಲು ಅಲ್ಲಿ ಯಾರಿದ್ದರು? ಒಂದು ದೇಶದ ದೊರೆಗಾದರೂ ಅರಮನೆ ಇರುತ್ತದೆ, ಬಾಗಿಲಲ್ಲಿ ನಿಂತು ಶಾಪ ಹಾಕಬಹುದು. ಈ ಕಂಪನಿಗೆ ಬಾಗಿಲೇ ಇಲ್ಲ. ಹಣ ಒಳಗೆ ಹೋಗಲು ದಾರಿ ಇದೆ, ಮಾತು ಒಳಗೆ ಹೋಗಲು ಇಲ್ಲ. ‘ಸುಳ್ಳು ಹೆಸರು ಯಾಕೆ ಕೊಟ್ಟಿರಿ?’ ಎಂದು ಕೇಳುವ ಬುದ್ಧಿವಂತರು ನಮ್ಮಲ್ಲೂ ಇದ್ದಾರೆ. ಅವರಿಗೆ ಹೇಳುತ್ತೇನೆ: ಬೀಗದವನು ನಿಮ್ಮ ಮನೆಗೆ ಬೀಗ ಮಾರಿ, ಕೀಲಿ ಕೊಡುವ ಮುಂಚೆ ನಿಮ್ಮ ತಾಯಿಯ ಹೆಸರು ಕೇಳಿದರೆ ಏನು ಮಾಡುತ್ತೀರಿ? ಅವನನ್ನು ಮೆಟ್ಟಿಲಿಂದ ಉರುಳಿಸುತ್ತೀರಿ. ಕಂಪನಿ ಕೇಳಿದರೆ ನೆಟ್ಟಗೆ ಕೂತು ಬರೆದುಕೊಡುತ್ತೀರಿ.

ಗ್ರಾಹಕರ ದೂರು ಕೇಳುವ ಕಚೇರಿಗೂ ಹೋದೆವು. ಅಲ್ಲಿಯ ಅಧಿಕಾರಿ ಒಳ್ಳೆಯವನೇ, ಕುರ್ಚಿ ಕೊಟ್ಟ.

“ವಸ್ತು ಯಾವುದು?”

“ದನಿ,” ಎಂದ ಲಬೀಬ್.

“ವಸ್ತು ಕೇಳಿದೆ, ಉಸ್ತಾದ್. ಫ್ರಿಜ್ಜಾ, ಟೀವಿಯಾ?”

“ದನಿ. ಈ ಮನುಷ್ಯನ ದನಿ. ಕಾಸು ಕೊಟ್ಟು ಇಟ್ಟಿದ್ದ, ವಾಪಸ್ ಕೊಡ್ತಿಲ್ಲ.”

ಅಧಿಕಾರಿ ಮುರ್ಸಿಯ ಕುತ್ತಿಗೆಯ ಬಟ್ಟೆ ನೋಡಿ ಕಣ್ಣು ತಗ್ಗಿಸಿದ. “ಆ ಕಂಪನಿಗೆ ನಮ್ಮ ದೇಶದಲ್ಲಿ ಕಚೇರಿ ಇಲ್ಲವಲ್ಲ. ನೋಟಿಸು ಎಲ್ಲಿಗೆ ಕಳಿಸ್ಲಿ? ಅಲ್ದೆ ನೀವು ‘ಒಪ್ಪಿದ್ದೇನೆ’ ಒತ್ತಿದ್ದೀರಿ.”

“ಒತ್ತದಿದ್ರೆ?”

“ಒತ್ತದಿದ್ರೆ ಸೇವೆ ಸಿಗ್ತಿರ್ಲಿಲ್ಲ.”

“ಅಂದ್ರೆ ಒತ್ತಿದ್ರೂ ನಂದಲ್ಲ, ಒತ್ತದಿದ್ರೂ ನಂದಲ್ಲ. ಇದಕ್ಕೆ ಕಾನೂನು ಅಂತೀರಾ ನೀವು?”

ಅಧಿಕಾರಿ ನಮಗೆ ಚಹಾ ತರಿಸಿದ. ನಮ್ಮ ದೇಶದಲ್ಲಿ ನ್ಯಾಯ ಸಿಗದ ಕಡೆ ಚಹಾ ಸಿಗುತ್ತದೆ.

ಆಮೇಲೆ ಕೆಲವು ದಿನ ಲಬೀಬ್ ಚಹಾದಂಗಡಿಗೆ ಬರಲಿಲ್ಲ. ನಾನು ಮನೆಗೆ ಹೋದಾಗ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಿದ್ದ. “ಪ್ರತಿ ಬಿಡಲ್ಲ ಅಂದ್ರು, ನಾನು ಸುಮ್ನಾದೆ,” ಎಂದ. “ಪಕ್ಕದಲ್ಲಿ ಒಂದು ಹಳೇ ಟೇಪ್‌ರೆಕಾರ್ಡರ್ ಇಟ್ಟಿದ್ರೆ ಸಾಕಿತ್ತು. ಅಲಮಾರದಲ್ಲೇ ಇತ್ತು ಅದು! ಊರಿಗೆಲ್ಲ ‘ಮನೇಲೊಂದು ಪ್ರತಿ ಇಟ್ಕೊಳ್ರೋ’ ಅಂತ ಬಡ್ಕೊಳೋನು ನಾನು. ನಾನೇ ಅವರನ್ನ ನಂಬಿದೆ.”

ನಾನು ಸಮಾಧಾನ ಹೇಳಲಿಲ್ಲ. ನಂಬಿದವನ ತಪ್ಪನ್ನು ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ನಂಬಿಸಿ ಕಿತ್ತುಕೊಂಡವನ ತಪ್ಪಿಗೇ ಅದು ಮುರಿದುಹೋಗಿದೆ.

ದಾರಿ ತೋರಿಸಿದವಳು ನಗ್ಲಾ. ಮೀನು ಕೊಳ್ಳುವ ಹೋಟೆಲಿನವರು ಹರಾಜನ್ನು ಫೋನಿನಲ್ಲಿ ಚಿತ್ರಿಸಿ ತಮ್ಮ ಯಜಮಾನರಿಗೆ ಕಳಿಸುತ್ತಿದ್ದರಲ್ಲ, ಆಪರೇಷನ್ನಿಗೆ ಮುಂಚಿನವು ಇನ್ನೂ ಯಾರ ಹತ್ತಿರವಾದರೂ ಇರಬಹುದು ಎಂದಳು. ಲಬೀಬ್ ಎದ್ದು ಕೂತ. ಮಾರುಕಟ್ಟೆಯ ಒಬ್ಬೊಬ್ಬರ ಫೋನನ್ನೂ ಬೇಡಿ, ಸಿಕ್ಕಿದ್ದನ್ನೆಲ್ಲ ತನ್ನ ಯಂತ್ರಕ್ಕೆ ಇಳಿಸಿದ. ಈ ಸಲ ಬೇರೆ ಬೇರೆ ಕಡೆ ಪ್ರತಿ ಮಾಡಿಟ್ಟ. ಒಂದನ್ನು ಹೆಂಡತಿಯ ಒಡವೆ ಡಬ್ಬಿಯಲ್ಲೂ ಹಾಕಿದ.

ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕರೆದು ಕೇಳಿಸಿದ. ಸಮುದ್ರದ ಗಾಳಿ, ಪೆಟ್ಟಿಗೆ ಎಳೆಯುವ ಸದ್ದು, ಅದರ ನಡುವೆ ಮುರ್ಸಿ. ಒಣಗಿದ ಕಂಪನಿಯ ದನಿಯಲ್ಲ, ಹಸಿ ಹಸಿ, ಉಪ್ಪು ಹತ್ತಿದ ಮುರ್ಸಿ. ಉಮ್ಮ್ ನಗ್ಲಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಇದ್ದದ್ದೆಲ್ಲ ಮೀನಿನ ಮಾತು. ‘ಏ ಕತ್ತೆ, ಐಸು ತಾ!’ ‘ಈ ಬೂರಿ ಮೀನಿನ ಕಣ್ಣು ನೋಡು, ನಿನ್ನ ಕಣ್ಣಿಗಿಂತ ಹೊಳೀತಿದೆ!’ ಮದುವೆಯ ಮಾತಿಗೆ ಬೇಕಾದ ಪದಗಳನ್ನು ಕತ್ತರಿಸಿ ಜೋಡಿಸೋಣ ಎಂದು ಲಬೀಬ್ ಹುಡುಕಿ ಹುಡುಕಿ ಸೋತಿದ್ದ. ‘ನಿನಗೆ’ ಇತ್ತು. ‘ಕೊಟ್ಟೆ’ ಇರಲಿಲ್ಲ. ಹರಾಜಿನವನು ಯಾವತ್ತು ಕೊಟ್ಟಿದ್ದಾನೆ?

“‘ಮಾರಿದೆ’ ಅಂತ ಬೇಕಾದಷ್ಟಿದೆ,” ಎಂದ ಲಬೀಬ್ ಮೆಲ್ಲಗೆ.

“ನನ್ನ ಮಗಳೇನು ಬೂರಿ ಮೀನಾ, ಉಸ್ತಾದ್?” ಉಮ್ಮ್ ನಗ್ಲಾ ಸಿಡಿದಳು. “ಮಾರ್ತಾನಂತೆ!”

ಕಂಪನಿ ಖಾತೆ ಮುಚ್ಚಿದ ಮೇಲೆ ಮೊದಲ ಸಲ ಮುರ್ಸಿ ನಕ್ಕಿದ್ದು ಆಗ. ಸದ್ದಿಲ್ಲದೆ ಭುಜ ಕುಣಿಸಿ ನಕ್ಕ.

ಒಪ್ಪಂದ ಬರೆಸುವ ಮಾಝೂನ್ ಸಾಹೇಬರು ಬಂದಾಗ, “ಮಾತು ಬಾರದವನು ಬರೆದು ತೋರಿಸಿದರೂ ಸಿಂಧು. ಇಲ್ಲದಿದ್ರೆ ಹುಡುಗಿಯ ಚಿಕ್ಕಪ್ಪ ಹೇಳಲಿ,” ಎಂದರು.

“ಚಿಕ್ಕಪ್ಪ ಹೇಳಿದ್ರೆ ಚಿಕ್ಕಪ್ಪನ ಮಗಳನ್ನ ಕರೆಸ್ಕೊಳ್ಳಿ,” ಎಂದಳು ನಗ್ಲಾ. “ನಾನು ಈ ಮನುಷ್ಯನ ಮಗಳು.”

ಮದುವೆ ನಡೆದದ್ದು ಮಾರುಕಟ್ಟೆಯ ಹಿಂದಿನ ಸಭಾಂಗಣದಲ್ಲಿ. ಹಮಾಲಿಗಳು ಮೈ ಉಜ್ಜಿ ತೊಳೆದು ಬಂದಿದ್ದರೂ ಸಭಾಂಗಣ ಸಣ್ಣಗೆ ಮೀನಿನ ವಾಸನೆ ಬೀರುತ್ತಿತ್ತು. ಲಬೀಬ್ ತನ್ನ ಕಂಪ್ಯೂಟರನ್ನು ಹಾಗೇ, ಹೊಟ್ಟೆ ತೆರೆದಂತೆಯೇ, ತಬ್ಬಿಕೊಂಡು ತಂದು ಮೂಲೆಯಲ್ಲಿ ಇಟ್ಟಿದ್ದ. ಪ್ರಿಂಟರನ್ನು ಹೊತ್ತುಕೊಂಡು ಹೋದ ದಿನ ನಕ್ಕವರು ಅವತ್ತು ಅವನಿಗೆ ದಾರಿ ಬಿಟ್ಟರು.

ಮುರ್ಸಿ ಅಳಿಯನ ಎದುರು ಕೂತು ಕೈ ಹಿಡಿದ. ಮಾಝೂನರು ಎರಡೂ ಕೈಗಳ ಮೇಲೆ ಬಿಳಿ ಕರವಸ್ತ್ರ ಹೊದಿಸಿದರು. ಮುರ್ಸಿ ಲಬೀಬನಿಗೆ ತಲೆಯಾಡಿಸಿದ.

“ಪ್ರವಾದಿಯ ಮೇಲೆ ಸಲಾಮು ಹೇಳ್ರಪ್ಪೋ!”

ಆ ದನಿ ಗೋಡೆಗೆ ಬಡಿದು ವಾಪಸ್ ಬಂತು. ಯಾರೂ ಯೋಚಿಸಲಿಲ್ಲ. ಇಡೀ ಸಭೆ ಮಾರುಕಟ್ಟೆಯಲ್ಲಿ ನಿಂತ ಹಾಗೆ ಒಂದೇ ಗಂಟಲಲ್ಲಿ ಸಲಾಮು ಹೇಳಿತು. ಲಬೀಬನೂ ಹೇಳಿದ.

ಆಮೇಲೆ ಮುರ್ಸಿ ತುಟಿ ಆಡಿಸಿದ. ಆ ಮಾತನ್ನು ಅವನು ಆಡಿದ. ಗಾಳಿ ಮಾತ್ರ ಬಂತು. ಎಡಗೈಯಿಂದ ತೊಡೆಯ ಪಕ್ಕದ ಕಪ್ಪು ಹಲಗೆ ಎತ್ತಿ ಹಿಡಿದ. ಮುಂಚೆಯೇ ಬರೆದಿಟ್ಟಿದ್ದ: ‘ನನ್ನ ಮಗಳು ನಗ್ಲಾಳನ್ನು ನಿನಗೆ ಮದುವೆ ಮಾಡಿಕೊಟ್ಟೆ.’ ಅಳಿಯ, “ಒಪ್ಪಿದೆ,” ಎಂದ. ತಲೆ ಎತ್ತಿ, ಏನೆಂದು ತಿಳಿದು, ಬಿಟ್ಟು ಹೋಗುವ ದಾರಿ ಇರುವಾಗ ಹೇಳಿದ ಒಪ್ಪಿಗೆ ಅದು. ಮೂಲೆಯಿಂದ ಮುರ್ಸಿಯ ದನಿ ಮೊಳಗಿತು: “ಅಲ್ಲಾಹ್ ಬರಕತ್ತು ಕೊಡಲಿ!” ಅದರ ಹಿಂದಿನ ‘ಮಾರಿದೆ’ಯನ್ನು ಲಬೀಬ್ ನಾಜೂಕಾಗಿ ಕತ್ತರಿಸಿದ್ದ. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಶರಬತ್ತು ಬಂತು.

ಕಥೆ ಸುಖವಾಗಿ ಮುಗಿಯಿತು ಎಂದು ಯಾರಾದರೂ ನನ್ನ ಬೆನ್ನು ತಟ್ಟಲು ಬಂದರೆ ಕೈ ಮುರಿಯುತ್ತೇನೆ. ಶರಬತ್ತಿನ ಲೋಟ ಹಿಡಿದು ಲಬೀಬನ ಹತ್ತಿರ ಹೋದಾಗ ಅವನು ವಯರು ಸುತ್ತುತ್ತಿದ್ದ.

“ಗೆದ್ದೆವಲ್ಲ, ಉಸ್ತಾದ್,” ಎಂದೆ.

“ಎಲ್ಲಿ ಗೆದ್ದೆವು?” ತಲೆ ಎತ್ತದೆ ಹೇಳಿದ. “ಆ ಮಾತು ಅವನು ಆಡಿದಾನೆ. ಗಂಟಲು ಇರೋವಾಗ, ಎದ್ದು ನಿಂತು, ಅಂಗಿ ಸರಿ ಮಾಡ್ಕೊಂಡು ಆಡಿದಾನೆ. ಯಾವುದೋ ಚಳಿ ದೇಶದಲ್ಲಿ, ಯಾರದೋ ಪೆಟ್ಟಿಗೇಲಿ ಬಿದ್ದಿದೆ ಅದು. ಅದು ಯಾರದು? ನೀನೇ ಹೇಳು. ಯಾರದು?”

ಆ ಸೇವೆಯ ಬಾಡಿಗೆ ಮುರ್ಸಿಯ ಬ್ಯಾಂಕಿನಿಂದ ಈಗಲೂ ತಿಂಗಳು ತಿಂಗಳು ಕಡಿತವಾಗುತ್ತಿದೆ. ನಿಲ್ಲಿಸಬೇಕಾದರೆ ಖಾತೆಯೊಳಗೆ ಹೋಗಬೇಕಂತೆ. ಖಾತೆಯೊಳಗೆ ಹೋಗಬೇಕಾದರೆ ತಾಯಿಯ ಹೆಸರು ಬೇಕಂತೆ.

ಜನ ಇನ್ನೂ ಲಬೀಬನ ಹತ್ತಿರ ಫೋನು ತರುತ್ತಾರೆ. ಅವನು ಇನ್ನೂ ಬೈಯುತ್ತಾನೆ. ಈಗ ಒಬ್ಬೊಬ್ಬನಿಗೂ ಬೇರೆ ಬೇರೆ ತಾಯಿಯನ್ನು ಹುಟ್ಟಿಸಿಕೊಡುತ್ತಾನೆ: ಒಬ್ಬನಿಗೆ ಟ್ರಾಮ್ ನಿಲ್ದಾಣದ ಹೆಸರು, ಇನ್ನೊಬ್ಬನಿಗೆ ಮೀನಿನ ಹೆಸರು. ಅನ್‌ಫೂಶಿ ಮಾರುಕಟ್ಟೆಯಲ್ಲಿ ಮುರ್ಸಿ ಪೆಟ್ಟಿಗೆ ಹತ್ತುವಾಗ ಮೊದಲ ಸಲಾಮು ಲಬೀಬ್ ಮಾಡಿಕೊಟ್ಟ ಸ್ಪೀಕರ್ ಪೆಟ್ಟಿಗೆಯಿಂದ ಬರುತ್ತದೆ. ಬೆಲೆ ಮಾತ್ರ ಹಲಗೆಯ ಮೇಲೆ. ಆ ಹಲಗೆಯ ತಲೆಯಲ್ಲಿ, ಸೀಮೆಸುಣ್ಣ ಒರೆಸಿದರೂ ಹೋಗದಂತೆ, ಬಿಳಿ ಬಣ್ಣದಲ್ಲಿ ಬರೆಸಿದ್ದಾನೆ:

‘ಮುರ್ಸಿಯ ದನಿ ಕಂಪನಿಯವರ ಹತ್ತಿರ ಇದೆ. ಬೆಲೆ ಕೇಳಬೇಡಿ, ಓದಿಕೊಳ್ಳಿ.’